ಅರಸುಮಗನೂ ವಿರಕ್ತನೂ
ಹೀಬ್ರೂ ಭಾಷೆಯಲ್ಲಿ ಉಳಿದುಬಂದಿರುವ ಒಂದು ಬುದ್ಧಕಥೆಯ ವಿಚಾರ



ಮಠಗಳೆಂಬುವು ಓಲೆಗರಿಯ ಕಟ್ಟುಗಳಿಗೆ ತವರುಮನೆಗಳು. ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಬೆಳಕಿಗೆ ತರುವುದಕ್ಕೆ ಮುಂಚೆ, ಶರಣರ ನುಡಿಗಳಲ್ಲಿ ಬಹುಭಾಗವು ಮಠಗಳ ಮತ್ತು ಮನೆಗಳ ಅಟ್ಟಗಳ ಮೇಲೆ ಕೆಂಪು ಅರಿವೆಯೊಳಗೆ ಮಲಗಿದ್ದಿತು. ಕಟ್ಟನ್ನು ಬಿಚ್ಚಿದವನ ಮುಂದೆ ಮೂರು ಪ್ರಶ್ನೆಗಳು ಏಳುವುವು: ಇದು ಯಾರದು? ಇದು ನಮ್ಮ ಕೈಗೆ ಬಂದ ದಾರಿ ಯಾವುದು? ದಾರಿಯಲ್ಲಿ ಏನು ಸೇರಿತು, ಏನು ಉದುರಿತು? ಈ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಹುಡುಕದೆ ಗ್ರಂಥವನ್ನು ತಲೆಯ ಮೇಲೆ ಹೊತ್ತರೆ ಅದು ಭಕ್ತಿಯಾಗಬಹುದು, ವಿದ್ಯೆಯಾಗಲಾರದು. ಇಂದಿನ ಉಪನ್ಯಾಸಕ್ಕೆ ಆರಿಸಿಕೊಂಡ ಗ್ರಂಥವು ಕನ್ನಡದ್ದಲ್ಲ, ಸಂಸ್ಕೃತದ್ದಲ್ಲ. ಯೆಹೂದ್ಯರ ಹೀಬ್ರೂ ಭಾಷೆಯದು. ಆದರೂ ಅದರ ಒಡಲಲ್ಲಿರುವುದು ಕಪಿಲವಸ್ತುವಿನ ಅರಸುಮಗನ ಕಥೆಯೆಂದು ಪಂಡಿತರು ಹೇಳುವರು. ಇದು ಎಷ್ಟರಮಟ್ಟಿಗೆ ನಿಜವೆಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ಗ್ರಂಥದ ಹೆಸರು ‘ಬೆನ್ ಹಮ್ಮೆಲೆಖ್ ವೆಹನ್ನಾಜೀರ್’. ‘ಬೆನ್’ ಎಂದರೆ ಮಗ. ‘ಮೆಲೆಖ್’ ಎಂದರೆ ಅರಸು. ‘ನಾಜೀರ್’ ಎಂದರೆ ಯೆಹೂದ್ಯರ ಧರ್ಮಶಾಸ್ತ್ರದಲ್ಲಿ ದ್ರಾಕ್ಷಾರಸವನ್ನು ಬಿಟ್ಟು, ಕೂದಲನ್ನು ಕತ್ತರಿಸದೆ, ದೇವರಿಗೆ ತನ್ನನ್ನು ಮೀಸಲಿಟ್ಟ ವ್ರತಸ್ಥ. ‘ಅರಸುಮಗನೂ ವಿರಕ್ತನೂ’ ಎಂದರೆ ಕನ್ನಡದಲ್ಲಿ ಅರ್ಥವು ಸರಿಯಾಗಿ ಕೂಡುವುದು. ಇದನ್ನು ರಚಿಸಿದವನು ಸ್ಪೇನ್ ದೇಶದ ಬಾರ್ಸೆಲೋನಾ ಪಟ್ಟಣದ ಅಬ್ರಹಾಂ ಇಬ್ನ್ ಹಸ್ದಾಯ್, ಕಾಲವು ಕ್ರಿ. ಶ. ೧೩ನೆಯ ಶತಮಾನದ ಪೂರ್ವಾರ್ಧ. ಗ್ರಂಥದಲ್ಲಿ ೩೫ ಪ್ರಕರಣಗಳುಂಟು. ಅವುಗಳಿಗೆ ಕರ್ತೃವು ‘ಬಾಗಿಲು’ಗಳೆಂದು ಹೆಸರಿಟ್ಟಿರುವನು. ಪ್ರಾಸಬದ್ಧವಾದ ಗದ್ಯದ ನಡುನಡುವೆ ಪದ್ಯಗಳನ್ನು ಪೋಣಿಸುತ್ತ ಹೋಗುವ ಶೈಲಿ ಅದರದು. ನಮ್ಮ ಚಂಪೂಕಾವ್ಯಗಳನ್ನು ಓದಿದವರಿಗೆ ಆ ನಡೆಯು ತೀರ ಅಪರಿಚಿತವೆನಿಸದು. ಮುನ್ನೂರು ವರುಷಗಳ ಕಾಲ ಇದು ಕೈಬರಹದ ಪ್ರತಿಗಳಲ್ಲಿಯೇ ಬಾಳಿ, ೧೫೧೮ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಮೊದಲು ಅಚ್ಚಾಯಿತು. ೧೫೫೭ರಲ್ಲಿ ಇಟಲಿಯ ಮಾಂಟುವಾದಲ್ಲಿ ಮತ್ತೆ ಮುದ್ರಿತವಾಯಿತು. ೧೮೪೭ರಲ್ಲಿ ಮೈಸೆಲ್ ಎಂಬುವನಿಂದ ಜರ್ಮನ್ ಭಾಷೆಗೆ ಪರಿವರ್ತಿತವಾಯಿತು.

ಕರ್ತೃವಿನ ಕಾಲವನ್ನು ಅರಿಯದೆ ಕೃತಿಯ ಬೆಲೆ ತಿಳಿಯದು. ಯೆಹೂದ್ಯರ ಮಹಾದಾರ್ಶನಿಕನಾದ ಮೈಮೊನಿಡೀಸನು ೧೨೦೪ರಲ್ಲಿ ಕಾಲವಶನಾದನು. ಅವನು ಧರ್ಮಶಾಸ್ತ್ರಕ್ಕೂ ಗ್ರೀಕರ ತರ್ಕಕ್ಕೂ ಸಂಧಾನವನ್ನು ಮಾಡಹೊರಟಿದ್ದನು. ಅವನ ತರುವಾಯ ಅವನ ಗ್ರಂಥಗಳನ್ನು ಓದಬಹುದೇ ಕೂಡದೇ ಎಂಬ ದೊಡ್ಡ ಕಲಹವೆದ್ದಿತು. ೧೨೩೦ರ ದಶಕದಲ್ಲಿ ಫ್ರಾನ್ಸಿನ ದಕ್ಷಿಣಭಾಗದ ಕೆಲವು ಪಂಡಿತರು, ಆ ಗ್ರಂಥಗಳನ್ನು ಓದಿದವರಿಗೆ ಬಹಿಷ್ಕಾರವೆಂದು ಸಾರಿದರು. ಆ ಸಮಯದಲ್ಲಿ ಮೈಮೊನಿಡೀಸನ ಪಕ್ಷವನ್ನು ವಹಿಸಿ ಊರೂರಿಗೆ ಓಲೆಗಳನ್ನು ಬರೆದವರಲ್ಲಿ ಇಬ್ನ್ ಹಸ್ದಾಯನೂ ಒಬ್ಬನು. ಇವನೇ ಮುಸಲ್ಮಾನರ ಆಚಾರ್ಯನಾದ ಅಲ್ ಗಜ್ಜಾಲಿಯ ನೀತಿಗ್ರಂಥವೊಂದನ್ನು ಹೀಬ್ರೂವಿಗೆ ತಂದನು. ಸ್ವಧರ್ಮದಲ್ಲಿ ಅಚಲವಾಗಿ ನಿಂತು, ಅನ್ಯರ ಮನೆಯ ದೀಪದಿಂದಲೂ ಬತ್ತಿಯನ್ನು ಹೊತ್ತಿಸಿಕೊಳ್ಳಬಹುದೆಂದು ನಂಬಿದವನು ಇವನು. ಇಂಥವನ ಕೈಗೆ ಅರಬ್ಬೀ ಭಾಷೆಯ ಕಥೆಯೊಂದು ಸಿಕ್ಕಿತು.

ಆ ಕಥೆಯ ಸಾರವಿಷ್ಟು. ಹಿಂದೂಸ್ಥಾನದ ಒಬ್ಬ ಅರಸು ವಿರಕ್ತರನ್ನು ದ್ವೇಷಿಸಿ ರಾಜ್ಯದಿಂದ ಹೊರದೂಡುತ್ತಿದ್ದನು. ಬಹುಕಾಲದ ಮೇಲೆ ಅವನಿಗೆ ಮಗನು ಹುಟ್ಟಲು, ಜೋಯಿಸರಲ್ಲಿ ಒಬ್ಬನು, ಈ ಕೂಸಿನ ಹಿರಿಮೆಯು ಈ ಲೋಕದ ಸಿಂಹಾಸನದ್ದಲ್ಲವೆಂದು ನುಡಿದನು. ಅರಸನು ಹೆದರಿ, ಮಗನನ್ನು ಮುಪ್ಪು, ಬೇನೆ, ಸಾವು ಇವುಗಳ ಸುಳಿವು ಸೋಕದ ಅರಮನೆಯಲ್ಲಿ ಇರಿಸಿದನು. ಆದರೂ ಹುಡುಗನ ಕಣ್ಣಿಗೆ ಮನುಷ್ಯರ ದುಃಖವು ಒಂದು ದಿನ ಬಿದ್ದೇಬಿದ್ದಿತು. ಆಗ ದೂರದಿಂದ ಒಬ್ಬ ವಿರಕ್ತನು ವ್ಯಾಪಾರಿಯ ವೇಷದಲ್ಲಿ ಬಂದು, ತನ್ನಲ್ಲಿ ಅನರ್ಘ್ಯವಾದ ರತ್ನವೊಂದುಂಟೆಂದು ಕಾವಲುಗಾರರಿಗೆ ಹೇಳಿ, ಅರಸುಮಗನ ಬಳಿಗೆ ಸೇರಿದನು. ರತ್ನವೆಂದರೆ ಬೋಧೆ. ಅಲ್ಲಿಂದ ಮುಂದೆ ಗ್ರಂಥವು ಪ್ರಶ್ನೋತ್ತರಗಳಿಂದಲೂ ದೃಷ್ಟಾಂತಗಳಿಂದಲೂ ತುಂಬಿರುವುದು.

ಅಶ್ವಘೋಷನ ‘ಬುದ್ಧಚರಿತ’ವನ್ನೋ ‘ಲಲಿತವಿಸ್ತರ’ವನ್ನೋ ಬಲ್ಲವರಿಗೆ ಈ ಅರಮನೆಯೂ ಈ ತಂದೆಯ ಭಯವೂ ಯಾರವೆಂದು ಹೇಳಬೇಕಾಗಿಲ್ಲ. ಬುದ್ಧನ ಕಥೆಯು ಕನ್ನಡನಾಡಿಗೂ ಹೊಸದಲ್ಲ. ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ, ಭೀಮಾನದಿಯ ತೀರದ ಕನಗನಹಳ್ಳಿಯ ಸ್ತೂಪದ ಶಿಲಾಫಲಕಗಳಲ್ಲಿ ಆ ಕಥೆಯನ್ನು ಕೆತ್ತಿರುವರು. ಆದರೆ ಬಾರ್ಸೆಲೋನಾದ ಯೆಹೂದ್ಯ ಪಂಡಿತನಿಗೆ ಶಾಕ್ಯಮುನಿಯ ಹೆಸರು ಗೊತ್ತಿದ್ದಂತೆ ಅವನ ಗ್ರಂಥದಲ್ಲಿ ಕಾಣದು. ಅವನ ಅರಸುಮಗನಿಗೆ ಹೆಸರೇ ಇಲ್ಲ. ಹಾಗಾದರೆ ಕಥೆಯು ಅಲ್ಲಿಗೆ ಹೋದ ದಾರಿ ಯಾವುದು?

ದಾರಿಯ ಗುರುತುಗಳು ಹೆಸರುಗಳಲ್ಲಿ ಉಳಿದಿವೆ. ಬುದ್ಧನಾಗುವುದಕ್ಕೆ ಮುಂಚಿನ ಸಾಧಕನಿಗೆ ‘ಬೋಧಿಸತ್ತ್ವ’ನೆಂದು ಹೆಸರು. ಮಧ್ಯ ಏಷ್ಯದ ತುರ್ಫಾನಿನ ಮರಳಿನಲ್ಲಿ ದೊರೆತ ಮಾನಿಮತಾನುಯಾಯಿಗಳ ಬರಹದ ಚೂರುಗಳಲ್ಲಿ ಈ ಮಾತು ‘ಬೋದಿಸಫ್’ ಎಂಬ ರೂಪದಲ್ಲಿರುವುದು. ಪಾರಸಿಕರ ನಾಡಿನಿಂದ ಕಥೆಯು ಬಾಗ್ದಾದಿಗೆ ಬಂದು, ಕ್ರಿ. ಶ. ೮–೯ನೆಯ ಶತಮಾನಗಳಲ್ಲಿ ‘ಬಿಲೌಹರ್ ಮತ್ತು ಬೂದಾಸಫ್’ ಎಂಬ ಅರಬ್ಬೀ ಗ್ರಂಥವಾಯಿತು. ಆ ಕಾಲದ ಖಲೀಫರ ಮಂತ್ರಿಗಳಾಗಿದ್ದ ಬರ್ಮಕ್ ಮನೆತನದವರ ಪೂರ್ವಿಕರು ಬಲ್ಖ್ ಪಟ್ಟಣದ ನವವಿಹಾರದ ಅಧಿಪತಿಗಳಾಗಿದ್ದವರೆಂಬುದನ್ನು ನೆನೆದರೆ, ಬೌದ್ಧರ ಕಥೆಗಳು ಅಲ್ಲಿ ಮನ್ನಣೆ ಪಡೆದುದು ಆಶ್ಚರ್ಯವಲ್ಲ. ಹತ್ತನೆಯ ಶತಮಾನದ ಅಂತ್ಯದಲ್ಲಿ ಇಬ್ನ್ ಅಲ್ ನದೀಮನು ಬರೆದ ಗ್ರಂಥಸೂಚಿಯಲ್ಲಿ ಈ ಪುಸ್ತಕದ ಹೆಸರುಂಟು.

ಇನ್ನು ಲಿಪಿಕಾರನ ಒಂದು ಚುಕ್ಕೆ ಮಾಡಿದ ಕೆಲಸವನ್ನು ನೋಡಿರಿ. ಅರಬ್ಬೀ ಲಿಪಿಯಲ್ಲಿ ಮಾತಿನ ಮೊದಲಿಗೆ ಬರುವ ಬಕಾರಕ್ಕೂ ಯಕಾರಕ್ಕೂ ರೂಪವು ಒಂದೇ. ಅಡಿಯಲ್ಲಿ ಒಂದು ಚುಕ್ಕೆಯಿದ್ದರೆ ಬಕಾರ, ಎರಡಿದ್ದರೆ ಯಕಾರ. ಒಂದು ಚುಕ್ಕೆ ಹೆಚ್ಚಾದುದರಿಂದ ‘ಬೂದಾಸಫ್’ ಎಂಬುದು ‘ಯೂದಾಸಫ್’ ಆಯಿತು. ಜಾರ್ಜಿಯಾ ದೇಶದ ಕ್ರೈಸ್ತರು ಅರಬ್ಬಿಯಿಂದ ಕಥೆಯನ್ನು ಪಡೆದು ‘ಇಓದಾಸಫ್’ ಎಂದರು. ಅಥೋಸ್ ಪರ್ವತದ ಮಠದಲ್ಲಿದ್ದು ೧೦೨೮ರಲ್ಲಿ ತೀರಿಕೊಂಡ ಯೂಥಿಮಿಯಸ್ ಎಂಬ ಸನ್ಯಾಸಿಯು ಅದನ್ನು ಗ್ರೀಕ್ ಭಾಷೆಗೆ ತಂದಾಗ ‘ಇಓಆಸಫ್’ ಆಯಿತು. ೧೦೪೮ರಲ್ಲಿ ಲ್ಯಾಟಿನ್ನಿಗೆ ಇಳಿದು, ಮುಂದೆ ‘ಜೋಸಫಾಟ್’ ಎಂದಾಯಿತು. ಕಡೆಗೆ ೧೬ನೆಯ ಶತಮಾನದಲ್ಲಿ ರೋಮಿನ ಧರ್ಮಸಭೆಯ ಸಂತರ ಪಟ್ಟಿಯಲ್ಲಿ ನವಂಬರ್ ೨೭ನೆಯ ದಿನಕ್ಕೆ ಬಾರ್ಲಾಮ್ ಮತ್ತು ಜೋಸಫಾಟರ ಹೆಸರುಗಳು ಸೇರಿದುವು. ಬೋಧಿಸತ್ತ್ವನು ಕ್ರೈಸ್ತಸಂತನಾಗಿ ಪೂಜೆಗೊಂಡನು. ಪೂಜಿಸಿದವರಿಗೆ ಅದು ತಿಳಿಯದು. ಓಲೆಗರಿಯನ್ನು ಪ್ರತಿಮಾಡುವ ಪ್ರತಿಯೊಬ್ಬನೂ ಈ ಚುಕ್ಕೆಯ ಕಥೆಯನ್ನು ನೆನಪಿನಲ್ಲಿಡತಕ್ಕುದು.

ಹೋಲಿಕೆಯನ್ನು ಕಂಡವರು ಇರಲಿಲ್ಲವೆಂದಲ್ಲ. ಗೋವೆಯಲ್ಲಿ ವಾಸವಾಗಿದ್ದ ಪೋರ್ಚುಗೀಸ್ ಇತಿಹಾಸಕಾರ ದಿಯೋಗು ದು ಕೌಟು ೧೭ನೆಯ ಶತಮಾನದ ಆದಿಯಲ್ಲಿಯೇ ಬುದ್ಧನ ಕಥೆಗೂ ಜೋಸಫಾಟನ ಕಥೆಗೂ ಇರುವ ಸಾಮ್ಯವನ್ನು ಗುರುತಿಸಿದನು. ಆದರೆ ಅವನು ಹೊಳೆಯನ್ನು ಹಿಂದುಮುಂದಾಗಿ ಹರಿಯಿಸಿ, ಇಲ್ಲಿನವರೇ ಜೋಸಫಾಟನನ್ನು ಬುದ್ಧನೆಂಬ ಹೆಸರಿನಿಂದ ಪೂಜಿಸುತ್ತಿರಬೇಕೆಂದು ಊಹಿಸಿದನು. ಮೂಲವು ಯಾವ ಕಡೆಗೆಂಬುದು ನಿಶ್ಚಯವಾದುದು ೧೮೫೯ರಲ್ಲಿ ಲಾಬುಲೇ ಎಂಬ ಫ್ರೆಂಚ್ ಪಂಡಿತನೂ, ೧೮೬೦ರಲ್ಲಿ ಲೀಬ್ರೆಖ್ಟ್ ಎಂಬ ಜರ್ಮನ್ ಪಂಡಿತನೂ ಗ್ರಂಥಗಳನ್ನು ಎದುರುಬದುರು ಇಟ್ಟು ಪರೀಕ್ಷಿಸಿದ ಮೇಲೆ. ಅರಬ್ಬೀ ಗ್ರಂಥದ ಒಂದು ಪಾಠವು ೧೮೮೮–೮೯ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನಲ್ಲಿ ಮುದ್ರಿತವಾಯಿತು. ಸಾವಿರ ವರುಷಗಳ ತರುವಾಯ ಕಥೆಯು ಅರಬ್ಬೀ ಉಡುಪಿನಲ್ಲಿ ತವರಿಗೆ ಮರಳಿದಂತಾಯಿತು.

ಗ್ರೀಕ್ ಕವಲಿನಿಂದ ಬೇರೆಯಾಗಿ, ಹೀಬ್ರೂ ಗ್ರಂಥವು ನೇರವಾಗಿ ಅರಬ್ಬೀ ಕವಲಿನಿಂದ ಹೊರಟಿರುವುದು. ಆದುದರಿಂದಲೇ ಅದಕ್ಕೆ ವಿಶೇಷವಾದ ಬೆಲೆ. ಗ್ರೀಕರಲ್ಲಿ ಅರಸುಮಗನು ಕ್ರೈಸ್ತದೀಕ್ಷೆಯನ್ನು ಪಡೆಯುವನು. ಗ್ರಂಥವು ಮತಾಂತರದ ಕಥೆಯಾಗುವುದು. ಇಬ್ನ್ ಹಸ್ದಾಯನು ಹಾಗೆ ಮಾಡಲಿಲ್ಲ. ಅವನಿಗೆ ಬೇಕಾಗಿದ್ದುದು ಮತವನ್ನು ಬದಲಿಸುವ ಮಾತಲ್ಲ, ಮನಸ್ಸನ್ನು ಬದಲಿಸುವ ಮಾತು.

ಈಗ ಮುಖ್ಯವಾದ ವಿಚಾರಕ್ಕೆ ಬರಬೇಕು. ಇದು ಬೌದ್ಧರ ಜ್ಞಾನವೇ? ಬೌದ್ಧಕಥೆಯಲ್ಲಿ ಅರಸುಮಗನು ಕಾಣುವ ನೋಟಗಳು ನಾಲ್ಕು: ಮುದುಕ, ರೋಗಿ, ಹೆಣ, ಶ್ರಮಣ. ನಾಲ್ಕನೆಯವನಾದ ಶ್ರಮಣನ ಶಾಂತಮುಖವೇ ಸಿದ್ಧಾರ್ಥನನ್ನು ಮನೆಯಿಂದ ಎಬ್ಬಿಸಿತು. ಮುಂದೆ ಅವನು ಆಳಾರ ಕಾಲಾಮ, ಉದ್ದಕ ರಾಮಪುತ್ತ ಎಂಬ ಇಬ್ಬರ ಬಳಿ ಕಲಿತು, ಅವರ ಬೋಧೆಯು ಸಾಲದೆಂದು ಬಿಟ್ಟು, ಬೋಧಿವೃಕ್ಷದ ಕೆಳಗೆ ತನಗೆ ತಾನೇ ಅರಿವನ್ನು ಪಡೆದನು. ಪಶ್ಚಿಮಕ್ಕೆ ಹೋದ ಕಥೆಯಲ್ಲಾದರೋ ದಾರಿಯಲ್ಲಿ ಕಂಡ ಆ ಶ್ರಮಣನು ಅರಮನೆಯ ಒಳಗೇ ನಡೆದುಬಂದು, ಕುಳಿತು, ಬಾಯಿ ತೆರೆದು ಗುರುವಾದನು. ಇದು ಸಣ್ಣ ಮಾರ್ಪಾಡಲ್ಲ. ತಾನಾಗಿ ಅರಿತವನ ಚರಿತ್ರೆಯು ಗುರುಶಿಷ್ಯ ಸಂವಾದವಾಗಿ ಮಾರ್ಪಟ್ಟಿತು. ‘ಶೂನ್ಯಸಂಪಾದನೆ’ಯಂಥ ಸಂವಾದರೂಪದ ಕೃತಿಯನ್ನು ಪಾರಾಯಣ ಮಾಡುವ ಮಠದ ಶಿಷ್ಯರಿಗೆ ಈ ರೂಪವು ಹೃದಯಂಗಮವಾಗಿ ತೋರುವುದು ಸಹಜ. ಆದರೆ ನಮಗೆ ಹಿತವಾಗಿರುವುದರಿಂದಲೇ ಅದು ಬುದ್ಧನದೆಂದು ಹೇಳಲಾಗದು. ಗುರುವಿನ ಪೀಠವನ್ನು ಹಾಕಿದವರು ದಾರಿಯ ನಡುವಿನವರು.

ದೃಷ್ಟಾಂತಗಳನ್ನು ತೂಗಿದರೂ ಹೀಗೆಯೇ. ಈ ಕಥೆಯ ಅರಬ್ಬೀ, ಗ್ರೀಕ್ ಪಾಠಗಳಲ್ಲಿ ಬಾವಿಯಲ್ಲಿ ಜೋತುಬಿದ್ದ ಮನುಷ್ಯನ ದೃಷ್ಟಾಂತವುಂಟು: ಮೇಲೆ ಅಟ್ಟಿಬಂದ ಮೃಗ, ಕೆಳಗೆ ಬಾಯ್ದೆರೆದ ಸರ್ಪ, ಹಿಡಿದ ಕೊಂಬೆಯನ್ನು ಕಡಿಯುವ ಬಿಳಿಯ ಇಲಿ, ಕರಿಯ ಇಲಿ, ಅವನಾದರೋ ತೊಟ್ಟಿಕ್ಕುವ ಜೇನಿನ ಸವಿಯಲ್ಲಿ ಎಲ್ಲವನ್ನೂ ಮರೆತಿರುವನು. ಮಹಾಭಾರತದ ಸ್ತ್ರೀಪರ್ವದಲ್ಲಿ ವಿದುರನು ಧೃತರಾಷ್ಟ್ರನಿಗೆ ಹೇಳುವುದು ಇದನ್ನೇ. ಜೈನರಲ್ಲಿ ಇದು ಮಧುಬಿಂದು ದೃಷ್ಟಾಂತವೆಂದು ಪ್ರಸಿದ್ಧ. ಆದುದರಿಂದ ಇದು ಭರತಖಂಡದ್ದೆಂಬುದು ನಿಶ್ಚಯ. ಬೌದ್ಧರದೇ ಎಂಬುದು ನಿಶ್ಚಯವಲ್ಲ. ಹೀಬ್ರೂ ಗ್ರಂಥದಲ್ಲಿ ಬಿತ್ತುವವನ ದೃಷ್ಟಾಂತವಿದೆ: ಬೀಜಗಳಲ್ಲಿ ಕೆಲವು ದಾರಿಯಲ್ಲಿಯೂ, ಕೆಲವು ಕಲ್ಲುನೆಲದಲ್ಲಿಯೂ, ಕೆಲವು ಮುಳ್ಳಿನ ನಡುವೆಯೂ ಬಿದ್ದು ಕೆಡುವುವು, ಒಳ್ಳೆಯ ನೆಲದಲ್ಲಿ ಬಿದ್ದುವು ಫಲಿಸುವುವು. ಇದು ಕ್ರೈಸ್ತರ ಸುವಾರ್ತೆಯಲ್ಲಿರುವುದನ್ನು ಎಲ್ಲರೂ ಬಲ್ಲರು. ಪಾಲಿಯ ಸಂಯುತ್ತನಿಕಾಯದಲ್ಲಿಯೂ ಉತ್ತಮ, ಮಧ್ಯಮ, ಅಧಮ ಎಂಬ ಮೂರು ಹೊಲಗಳ ಉಪಮಾನವುಂಟು. ಆದರೂ ದಾರಿ, ಕಲ್ಲು, ಮುಳ್ಳುಗಳ ವಿವರವು ಸುವಾರ್ತೆಯ ಕಡೆಗೇ ಬೆರಳು ತೋರುವುದು. ಒಂದೇ ಹೊಳೆಗೆ ಹಲವು ಹಳ್ಳಗಳು ಕೂಡಿಕೊಂಡಿವೆ.

ಕಡೆಯ ನಾಲ್ಕು ಬಾಗಿಲುಗಳ ಸಂಗತಿಯು ಇನ್ನೂ ಸ್ಪಷ್ಟ. ಅಲ್ಲಿ ಕಥೆಯು ನಿಂತು, ಆತ್ಮದ ಉತ್ಪತ್ತಿಯೂ ಅದರ ಊರ್ಧ್ವಗಮನವೂ ವಿಚಾರಕ್ಕೆ ಬರುವುವು. ಈ ಭಾಗವು ಗ್ರೀಕರ ನವಪ್ಲೇಟೋಮತದ ಒಂದು ಪ್ರಬಂಧದಿಂದ ಬಂದುದೆಂದು ೧೯೬೧ರಲ್ಲಿ ಸ್ಟರ್ನ್ ಎಂಬ ವಿದ್ವಾಂಸನು ತೋರಿಸಿಕೊಟ್ಟನು. ಬೌದ್ಧರು ಅನಾತ್ಮವಾದಿಗಳು, ಶಾಶ್ವತವಾದ ಆತ್ಮವೊಂದುಂಟೆಂಬುದನ್ನು ಒಪ್ಪದವರು. ಹಾಗಿರಲು ಬುದ್ಧನ ಕಥೆಯಿಂದ ಹೊರಟ ಗ್ರಂಥವು, ಬುದ್ಧನು ಒಪ್ಪದ ಆತ್ಮದ ಪ್ರಶಂಸೆಯಲ್ಲಿ ಮುಗಿಯುವುದು! ಹೀಗಿರುವಲ್ಲಿ ಇದನ್ನು ‘ಬೌದ್ಧಜ್ಞಾನದ ಹೀಬ್ರೂ ಗ್ರಂಥ’ವೆಂದು ಸುಮ್ಮನೆ ಕರೆದರೆ ಬೌದ್ಧರಿಗೂ ಅನ್ಯಾಯ, ಯೆಹೂದ್ಯರಿಗೂ ಅನ್ಯಾಯ. ಕಥೆಯ ಎಲುಬು ಬೌದ್ಧ. ಮಾಂಸವು ಹಲವು ನಾಡುಗಳದು. ಉಸಿರು ಆ ಯೆಹೂದ್ಯ ಪಂಡಿತನದು.

ಈ ವಿವೇಕವನ್ನು ಆ ಗ್ರಂಥವೇ ಒಂದು ದೃಷ್ಟಾಂತದಿಂದ ಕಲಿಸುವುದು. ಒಬ್ಬನು ತೋಟದಲ್ಲಿ ಹಕ್ಕಿಯೊಂದನ್ನು ಹಿಡಿದನು. ಹಕ್ಕಿಯು, “ನನ್ನನ್ನು ಬಿಟ್ಟರೆ ಮೂರು ಬುದ್ಧಿಗಳನ್ನು ಹೇಳುವೆನು, ಕಳೆದುಹೋದುದಕ್ಕೆ ಮರುಗಬೇಡ, ಕೈಗೆಟುಕದುದನ್ನು ಬಯಸಬೇಡ, ಆಗಲಾರದುದನ್ನು ನಂಬಬೇಡ” ಎಂದಿತು. ಅವನು ಬಿಟ್ಟನು. ಹಕ್ಕಿಯು ಮರದ ಮೇಲೆ ಕುಳಿತು, “ಮರುಳೇ, ನನ್ನ ಹೊಟ್ಟೆಯಲ್ಲಿ ದೊಡ್ಡ ಮೊಟ್ಟೆಗಿಂತ ಮಿಗಿಲಾದ ಮುತ್ತೊಂದಿದೆ” ಎಂದಿತು. ಅವನು ಹಲುಬುತ್ತ ಮರವನ್ನು ಹತ್ತಹೋದನು. ಆಗ ಹಕ್ಕಿಯು, “ಮೂರನ್ನೂ ಆಗಲೇ ಮರೆತೆ. ಬಿಟ್ಟುದಕ್ಕೆ ಮರುಗಿದೆ, ಹಾರುವುದನ್ನು ಹಿಡಿಯಬಂದೆ, ನನ್ನ ಒಡಲೇ ಆ ಮುತ್ತಿನಷ್ಟಿಲ್ಲವೆಂಬುದನ್ನೂ ಯೋಚಿಸದೆ ಹೋದೆ” ಎಂದು ಹಾರಿಹೋಯಿತು.

ಹಳೆಯ ಗ್ರಂಥಗಳನ್ನು ಶೋಧಿಸುವವರಿಗೆ ಈ ಮೂರೂ ಮಂತ್ರಗಳೇ ಸರಿ. ಮೂಲಪ್ರತಿಯು ನಷ್ಟವಾಯಿತೆಂದು ಮರುಗುತ್ತ ಕುಳಿತರೆ ಉಳಿದುದನ್ನು ಓದುವವರಾರು? ಬೋಧಿಸತ್ತ್ವನ ಕಥೆಯನ್ನು ಪಡುವಣ ದಿಕ್ಕಿಗೆ ಮೊದಲು ಹೇಳಿದ ಬಾಯಿ ಯಾವುದೆಂಬುದು ಹಾರಿಹೋದ ಹಕ್ಕಿ. ಇನ್ನು ಮೂರನೆಯದು ಎಲ್ಲಕ್ಕಿಂತ ಮುಖ್ಯ. ೧೮೯೪ರಲ್ಲಿ ನೊಟೊವಿಚ್ ಎಂಬ ರಷ್ಯದ ಪ್ರವಾಸಿಯು, ಲಡಾಖಿನ ಹೇಮಿಸ್ ಮಠದಲ್ಲಿ ಯೇಸುವಿನ ಅಜ್ಞಾತಚರಿತ್ರೆಯ ಕೈಬರಹವನ್ನು ಕಂಡೆನೆಂದು ಪುಸ್ತಕವನ್ನು ಪ್ರಕಟಿಸಿದನು. ಯೂರೋಪೆಲ್ಲ ಬೆರಗಾಯಿತು. ಮ್ಯಾಕ್ಸ್ ಮುಲ್ಲರನು ಸಂಶಯಪಟ್ಟನು. ಆಗ್ರಾದ ಅಧ್ಯಾಪಕ ಡಗ್ಲಸನು ೧೮೯೫ರಲ್ಲಿ ಹೇಮಿಸಿಗೇ ಹೋಗಿ ವಿಚಾರಿಸಲು, ಅಂಥ ಗ್ರಂಥವೇ ಇಲ್ಲವೆಂದು ಮಠದ ಲಾಮನು ಹೇಳಿದನು. ಆ ಪ್ರತಿಯನ್ನು ಪರೀಕ್ಷೆಗೆ ಒಡ್ಡಿದವರು ಯಾರೂ ಇಲ್ಲ. ಮೊಟ್ಟೆಗಿಂತ ದೊಡ್ಡ ಮುತ್ತನ್ನು ನಂಬಿದವರ ಕಥೆಯಿದು. ಇಬ್ನ್ ಹಸ್ದಾಯನ ಗ್ರಂಥವಾದರೋ ಕೈಗೆ ಸಿಕ್ಕುವುದು, ಅಚ್ಚಾದ ವರುಷವುಂಟು, ಅದರ ಪ್ರತಿಯೊಂದು ಮಾತನ್ನೂ ಇತರ ಪಾಠಗಳೊಡನೆ ಹೋಲಿಸಿ ನೋಡಬಹುದು.

ಇಂಥ ಪ್ರಯಾಣವು ಇದೊಂದೇ ಅಲ್ಲ. ದುರ್ಗಸಿಂಹನು ೧೧ನೆಯ ಶತಮಾನದಲ್ಲಿ ಕನ್ನಡಕ್ಕೆ ತಂದ ಪಂಚತಂತ್ರವೂ ಪಾರಸಿಕ, ಅರಬ್ಬೀ ಭಾಷೆಗಳನ್ನು ಹಾದು ಹೀಬ್ರೂವಿಗೆ ಹೋಯಿತು; ೧೩ನೆಯ ಶತಮಾನದಲ್ಲಿ ಕಾಪುವಾದ ಜಾನನು ಆ ಹೀಬ್ರೂವಿನಿಂದ ಲ್ಯಾಟಿನ್ನಿಗೆ ಪರಿವರ್ತಿಸಿದನು. ಹೀಗೆ ನಮ್ಮ ನಾಡಿನ ನೀತಿಯೂ ವೈರಾಗ್ಯವೂ ಪಡುವಣಕ್ಕೆ ಸೇರಿದ ದಾರಿಯಲ್ಲಿ, ನೆಲೆಯಿಲ್ಲದೆ ಅಲೆಯುತ್ತಿದ್ದ ಯೆಹೂದ್ಯರ ಮನೆಗಳು ತಂಗುದಾಣಗಳಾದುವು. ಇದಕ್ಕಾಗಿ ನಾವು ಹೆಮ್ಮೆಪಡುವುದಕ್ಕಿಂತ ಕೃತಜ್ಞರಾಗಿರುವುದು ಲೇಸು. ಬೀಜವು ಇಲ್ಲಿಯದಾದರೂ ನೀರೆರೆದವರು ಅವರು.

ಶರಣಬಂಧುಗಳೆ, ಆ ಗ್ರಂಥದ ಇನ್ನೊಂದು ದೃಷ್ಟಾಂತವನ್ನು ನೆನೆದು ಈ ವಿಚಾರವನ್ನು ಮುಗಿಸುವುದು ಯುಕ್ತ. ಒಂದು ಪಟ್ಟಣದವರು ವರುಷಕ್ಕೊಬ್ಬ ಪರದೇಶಿಯನ್ನು ಕರೆತಂದು ಅರಸನನ್ನಾಗಿ ಮಾಡುವರು. ವರುಷವು ತುಂಬಿದ ಕೂಡಲೆ ಉಟ್ಟ ಬಟ್ಟೆಯನ್ನೂ ಕಿತ್ತುಕೊಂಡು ಬರಿದಾದ ದ್ವೀಪವೊಂದಕ್ಕೆ ಅಟ್ಟುವರು. ಹಿಂದಿನವರೆಲ್ಲರೂ ಭೋಗದಲ್ಲಿ ವರುಷವನ್ನು ಕಳೆದು, ಅಲ್ಲಿ ಹಸಿದು ಕೆಟ್ಟರು. ಒಬ್ಬನು ಮಾತ್ರ ಈ ಪದ್ಧತಿಯನ್ನು ಮೊದಲೇ ವಿಚಾರಿಸಿ ಅರಿತು, ಸಿಂಹಾಸನದಲ್ಲಿದ್ದಾಗಲೇ ಆ ದ್ವೀಪಕ್ಕೆ ಧಾನ್ಯವನ್ನೂ ಧನವನ್ನೂ ಕಳುಹಿಸಿಟ್ಟನು. ಹೊರದೂಡಿದ ದಿನ ನಗುತ್ತ ಹೋದನು. ದೃಷ್ಟಾಂತದ ಅರ್ಥವು ದೇಹಕ್ಕೂ ಸತ್ಕರ್ಮಕ್ಕೂ ಸಂಬಂಧಿಸಿದುದು. ಆದರೆ ಗ್ರಂಥಗಳ ಪಾಲಿಗೂ ಅದು ಸಲ್ಲುವುದು. ಪ್ರತಿಯೊಂದು ತಲೆಮಾರೂ ಒಂದು ವರುಷದ ಅರಸು. ತನ್ನ ಕಾಲದಲ್ಲಿ ಓದಿ, ಪ್ರತಿಮಾಡಿ, ಚುಕ್ಕೆ ತಪ್ಪದಂತೆ ತಿದ್ದಿ ಮುಂದಕ್ಕೆ ಕಳುಹಿಸಿದಷ್ಟೇ ಉಳಿಯುವುದು. ಉಳಿದುದೆಲ್ಲ ಗೆದ್ದಲಿನ ಪಾಲು.

ಬಾರ್ಸೆಲೋನಾದ ಪಂಡಿತನು ಕಲಹದ ಕಾಲದಲ್ಲಿ ಕುಳಿತು, ಹೆಸರರಿಯದ ನಾಡಿನ ಹೆಸರರಿಯದ ಅರಸುಮಗನ ಮಾತನ್ನು ತನ್ನವರಿಗಾಗಿ ಬರೆದಿಟ್ಟನು. ಈ ಮಠದ ಅಟ್ಟದ ಮೇಲಿನ ಕಟ್ಟುಗಳನ್ನು ಬಿಚ್ಚುವ ಕೈಗಳಿಗೂ ಅಂಥ ಶ್ರದ್ಧೆಯೂ ಅಂಥ ಔದಾರ್ಯವೂ, ಅದರೊಡನೆ ಆಗಲಾರದುದನ್ನು ನಂಬದ ಎಚ್ಚರವೂ ದೊರೆಯಲಿ.